ನಡುಚಿತ್ರ ಇಲ್ಲದ ಜಾಗ

ಕ್ಯಾಮೆರಾ ಇಲ್ಲದ ಕಡೆ ನಡೆದುಹೋದದ್ದನ್ನು, ಕ್ಯಾಮೆರಾ ಅಲ್ಲೇ ನಿಂತು ಕಂಡಿತ್ತೇನೋ ಅನ್ನುವ ಹಾಗೆ ತೋರಿಸುವ ಯಂತ್ರವೊಂದು ಬಂದರೆ ಏನಾದೀತು? ಇದು ಆ ಯಂತ್ರ ಬಂದು, ಜನ ಅದಕ್ಕೆ ಒಗ್ಗಿ, ಅದರ ಹೆಸರು ಕೇಳಿದರೆ ಯಾರೂ ತಲೆ ಎತ್ತಿ ನೋಡದಂತಾದ ಕಾಲದ ಮಾತು.

ಹುಬ್ಬಳ್ಳಿಯ ಚಿತ್ರಶಾಲೆಯವರು ಅದನ್ನು ‘ಹೆಣಿಗೆ’ ಎಂದು ಕರೆಯುತ್ತಿದ್ದರು. ಮಾಡಿದವರು ಇಟ್ಟ ಹೆಸರು ಬೇರೆ ಇತ್ತು, ಉದ್ದ ಇತ್ತು, ಯಾರ ನಾಲಿಗೆಗೂ ಹತ್ತಲಿಲ್ಲ. ಅದರ ಕೆಲಸ ಹೀಗೆ. ಒಂದು ಅನಾಹುತದಲ್ಲಿ ಸಿಕ್ಕು ಬದುಕಿ ಬಂದವರನ್ನು ದುಂಡನೆಯ ಕೋಣೆಯೊಂದರಲ್ಲಿ ನಿಲ್ಲಿಸುತ್ತಾರೆ. ಆ ಕೋಣೆಯ ಗೋಡೆಯ ತುಂಬ ಗಾಜಿನ ಕಣ್ಣುಗಳು. ಬದುಕಿ ಬಂದವರು ನೆನಪಿದ್ದಷ್ಟನ್ನು ಬಾಯಿಂದ ಹೇಳಬೇಕು. ನಿಂತದ್ದು, ಬಗ್ಗಿದ್ದು, ಓಡಿದ್ದು ಮೈಯಿಂದ ಮಾಡಿ ತೋರಿಸಬೇಕು. ಯಂತ್ರ ಆ ಭಂಗಿಗಳನ್ನು ಕಂಬ ನೆಟ್ಟ ಹಾಗೆ ನೆಟ್ಟುಕೊಳ್ಳುತ್ತದೆ. ಈ ಕಂಬದಿಂದ ಆ ಕಂಬದವರೆಗೆ ಮೈ ಹೇಗೆ ಹೋಗಿರಬಹುದು ಎಂಬುದನ್ನು ತಾನೇ ಲೆಕ್ಕ ಹಾಕಿ ನಡುವಿನ ಚಿತ್ರಗಳನ್ನು ತುಂಬುತ್ತದೆ. ಲಕ್ಷಾಂತರ ಜನರ ನಡಿಗೆ, ಏಳುಬೀಳು ನೋಡಿ ಕಲಿತ ಯಂತ್ರ ಅದು. ಕಲಿತ ನಿಯಮ ಮಾತ್ರ ಒಂದೇ: ಮೈ ಯಾವತ್ತೂ ಕಡಿಮೆ ಕಷ್ಟದ ದಾರಿಯನ್ನೇ ಹಿಡಿಯುತ್ತದೆ. ಸತ್ತವರ ಮುಖ ಕೂಡಿಸಲು ರೇಷನ್ ಕಾರ್ಡಿನ ಮಾಸಿದ ಫೋಟೋ ಇದ್ದರೂ ಸಾಕು. ಹೊರಗೆ ಬರುವುದು ಬರೆದ ಚಿತ್ರವಲ್ಲ. ಬೆವರು, ಧೂಳು, ಸೀರೆಯ ನೆರಿಗೆ ಎಲ್ಲ ಇರುವ, ನಡೆದದ್ದೇ ಎನ್ನಿಸುವ ದೃಶ್ಯ.

ಇಂದುಮತಿ ಕಮ್ಮಾರ ಆ ಚಿತ್ರಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದವಳು. ಮೊದಲು ಹೊರದೇಶದ ಕಂಪನಿಗಳ ಕಾರ್ಟೂನಿಗೆ ಕೈಯಿಂದ ನಡುಚಿತ್ರ ಬರೆಯುತ್ತಿದ್ದಳು. ಮೊಲ ಹಾರಲು ಮೈ ಕುಗ್ಗಿಸಿದ ಚಿತ್ರ ಒಂದು, ನೆಲಕ್ಕೆ ಇಳಿದ ಚಿತ್ರ ಒಂದು, ಅಲ್ಲಿಂದ ಬರುತ್ತಿದ್ದವು. ನಡುವಿನ ಹಾರಾಟವೆಲ್ಲ ಇಲ್ಲಿಯವರ ಕೈಯದು. ಆ ಕಸುಬಿನಲ್ಲಿ ಪಾಪ ಅಂದರೆ ಒಂದೇ, ಜಿಗಿತ; ನಡುವೆ ಏನೋ ಬಿಟ್ಟುಹೋದ ಹಾಗೆ ಒಂದು ಚಿತ್ರದಿಂದ ಇನ್ನೊಂದಕ್ಕೆ ನೆಗೆಯುವುದು. ನೋಡುವವರ ಕಣ್ಣು ಎಲ್ಲೂ ಎಡವಬಾರದು. ಹೆಣಿಗೆ ಬಂದ ಮೇಲೆ ಬರೆಯುವವರೆಲ್ಲ ಮನೆಗೆ ಹೋದರು. ಇಂದುಮತಿಯ ಕಣ್ಣು ಸೂಕ್ಷ್ಮ ಎಂದು ಅವಳೊಬ್ಬಳನ್ನು ಉಳಿಸಿಕೊಂಡರು. ಯಂತ್ರ ತುಂಬಿದ ನಡುಚಿತ್ರಗಳನ್ನು ನೋಡಿ, ಜಿಗಿತ ಇಲ್ಲದಿದ್ದರೆ ‘ಪಾಸ್’ ಮಾಡುವುದು ಈಗ ಅವಳ ಕೆಲಸ.

ಆ ದಿನ ಅವಳ ಮುಂದೆ ಇದ್ದದ್ದು ಒಂದು ಬಾಗಿಲಿನ ದೃಶ್ಯ. ಹಾವೇರಿ ಸೀಮೆಯ ಬೆಣ್ಣಿಹಾಳದಲ್ಲಿ ಬಹಳ ವರ್ಷದ ಹಿಂದೆ ಮೆಣಸಿನಕಾಯಿಯ ಗೋದಾಮಿಗೆ ಬೆಂಕಿ ಬಿದ್ದಿತ್ತು. ತೊಟ್ಟು ಬಿಡಿಸುತ್ತಿದ್ದ ಹೆಂಗಸರು ಒಳಗೆ ಸಿಕ್ಕಿಕೊಂಡರು. ಉರಿಗಿಂತ ಮೊದಲು ಕೊಂದದ್ದು ಘಾಟು. ಗೋದಾಮಿಗೆ ಇದ್ದ ಎರಡು ಬಾಗಿಲಲ್ಲಿ ಒಂದಕ್ಕೆ ಹೊರಗಿನಿಂದ ಕೀಲಿ ಹಾಕಿದ್ದರು. ಈ ಕೀಲಿಯ ಸಂಗತಿಯನ್ನು ಜಗತ್ತಿಗೆ ತೋರಿಸಬೇಕೆಂದು ಸಾಕ್ಷ್ಯಚಿತ್ರ ಮಾಡುತ್ತಿದ್ದವರು ನಿರ್ದೇಶಕ ವಿಶ್ವನಾಥ ಕುಬಸದ. ಐವತ್ತು ದಾಟಿದ, ಹಟದ, ಒಳ್ಳೆಯ ಮನುಷ್ಯ.

ತೆರೆಯ ಮೇಲೆ ಅಕ್ಕ ತಂಗಿ ಇಬ್ಬರು ಕೈ ಹಿಡಿದುಕೊಂಡು ಹೊಗೆಯೊಳಗಿಂದ ಬಾಗಿಲಿಗೆ ಬಂದರು. ತಂಗಿ ಮುಂದೆ, ಅಕ್ಕ ಹಿಂದೆ. ಹೊಸ್ತಿಲಲ್ಲಿ ತಂಗಿಯ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು, ಕಿರುಬೆರಳಿಂದ ಮೊದಲಾಗಿ. ಅಕ್ಕನ ಕೈ ಹಿಂದಕ್ಕೆ ಹೋಗಿ ಹೊಗೆಯಲ್ಲಿ ಮುಳುಗಿತು. ತಂಗಿ ಹೊರಗೆ ಬಂದು ನೆಲಕ್ಕೆ ಬಿದ್ದಳು.

ಇಂದುಮತಿ ಅದನ್ನು ಮತ್ತೆ ನೋಡಿದಳು. ಎಲ್ಲೂ ಜಿಗಿತವಿಲ್ಲ. ಬೆರಳು ಬಿಚ್ಚಿಕೊಂಡ ರೀತಿಯಂತೂ ಹೂವಿನ ಎಸಳು ಬಿಚ್ಚಿದ ಹಾಗೆ. ಕೈಯಿಂದ ಬರೆಯುತ್ತಿದ್ದ ಕಾಲದಲ್ಲಿ ಇಂಥದೊಂದು ನಡುಚಿತ್ರ ತನ್ನಿಂದ ಆಗಿದ್ದರೆ ವಾರಗಟ್ಟಲೆ ಹೇಳಿಕೊಂಡು ತಿರುಗುತ್ತಿದ್ದಳು. “ಭಾಳ ಛಲೋ ಬಂದೈತಿ ಸರ್,” ಎಂದು ಕುಬಸದರಿಗೆ ಹೇಳಿ ಪಾಸ್ ಒತ್ತಿದಳು.

ಮೂಲೆಯಲ್ಲಿ ಸಣ್ಣಗೆ ‘ಕಟ್ಟಿದ್ದು’ ಎಂಬ ಮುದ್ರೆ ತಾನಾಗಿ ಬಿತ್ತು. ಅದು ಕಾನೂನು. ಮಸೂರ ನಿಜವಾಗಿ ನೋಡಿದ್ದಕ್ಕೆ ‘ಕಂಡದ್ದು’, ಯಂತ್ರ ಹೆಣೆದದ್ದಕ್ಕೆ ‘ಕಟ್ಟಿದ್ದು’. ಮುದ್ರೆ ಬಂದ ಹೊಸದರಲ್ಲಿ ಜನ ಕಣ್ಣರಳಿಸಿ ಓದುತ್ತಿದ್ದರು. ಆಮೇಲೆ ಅದು ಸಿಗರೇಟಿನ ಪಾಕೀಟಿನ ಮೇಲಿನ ಕ್ಯಾನ್ಸರಿನ ಚಿತ್ರದ ಹಾಗಾಯಿತು. ಅದು ಅಲ್ಲೇ ಇತ್ತು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಕುಬಸದರದು ಒಂದು ಪದ್ಧತಿ. ಚಿತ್ರ ಯಾರ ಬಗ್ಗೆಯೋ ಅವರ ಊರಲ್ಲೇ ಮೊದಲ ಪ್ರದರ್ಶನ. ಟಿವಿಯವರಾಗಲಿ ದೊಡ್ಡವರಾಗಲಿ ಆಮೇಲೆ. ಹಾಗೆ ಬೆಣ್ಣಿಹಾಳದ ಸಮುದಾಯ ಭವನದಲ್ಲಿ ಬಿಳಿ ಪರದೆ ಕಟ್ಟಿದರು. ಜಮಖಾನೆ ಹಾಸಿದ್ದರು, ಆದರೂ ಗಂಡಸರು ಗೋಡೆಗೆ ಆತುಕೊಂಡು ನಿಂತೇ ನೋಡಿದರು.

ತೆರೆಯ ಮೇಲಿನ ತಂಗಿ, ಫಕೀರವ್ವ ಹಾದಿಮನಿ, ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಅನಸೂಯಾ, ಸತ್ತ ಅಕ್ಕ ನೀಲವ್ವನ ಮಗಳು. ತಾಯಿ ಹೋದಾಗ ಅವಳಿಗೆ ಮಾತು ಇನ್ನೂ ತೊದಲು. ಫಕೀರವ್ವನೇ ಸಾಕಿದಳು, ಓದಿಸಿದಳು. ಈಗ ತಾಲೂಕು ಆಸ್ಪತ್ರೆಯಲ್ಲಿ ನರ್ಸು.

ನೀಲವ್ವನ ಮುಖ ತೆರೆಯ ಮೇಲೆ ಬಂದ ಕೂಡಲೆ ಹೆಂಗಸರೆಲ್ಲ “ಅಯ್ಯ ನಮ್ಮವ್ವಾ, ಆಕೀನ ನೋಡ!” ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಅನಸೂಯಾ ತಾಯಿ ನಡೆಯುವುದನ್ನು ಬುದ್ಧಿ ಬಂದ ಮೇಲೆ ಮೊದಲ ಸಲ ನೋಡಿದಳು. ತಾಯಿಯ ಎಡಗಾಲು ಕೊಂಚ ಎಳೆಯುತ್ತಿತ್ತು. ನನ್ನ ನಡಿಗೆಯೂ ಹಾಗೇ ಅಲ್ಲವೇ ಎಂದು ಅವಳ ಕಣ್ಣು ತುಂಬಿತು. ಆಮೇಲೆ ಬಾಗಿಲು ಬಂತು. ಬೆರಳುಗಳು ಬಂದವು.

ಭವನದಲ್ಲಿ ಯಾರೋ ಹಿಂದಿನಿಂದ “ಥೋ!” ಅಂದರು. ಅದು ಅಯ್ಯೋ ಎಂಬ ಅರ್ಥದ್ದೋ, ಛೀ ಎಂಬ ಅರ್ಥದ್ದೋ ಗೊತ್ತಾಗಲಿಲ್ಲ. ಫಕೀರವ್ವ ಅಳಲಿಲ್ಲ. ತನ್ನ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಅದನ್ನೇ ನೋಡುತ್ತ ಕುಳಿತಳು.

ಆ ಸಂಜೆಯಿಂದ ಅನಸೂಯಾ ಮನೆಯಲ್ಲಿ ಉಣ್ಣುವುದನ್ನು ಬಿಟ್ಟಳು. ಜಗಳ ಆಡಲಿಲ್ಲ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಆಗಿದೆ ಅನ್ನುವಳು, ಹಸಿವಿಲ್ಲ ಅನ್ನುವಳು. ಫಕೀರವ್ವ ಬಡಿದಿಟ್ಟ ರೊಟ್ಟಿ ಬುಟ್ಟಿಯಲ್ಲೇ ಒಣಗಿ ಕಟಕಾಗುತ್ತಿತ್ತು. ಇನ್ನೂ ಕೆಟ್ಟದ್ದೆಂದರೆ ಹುಡುಗಿ ಮರ್ಯಾದೆ ಕೊಡಲು ಸುರುಮಾಡಿದಳು. ಹುಟ್ಟಿದಾಗಿನಿಂದ ‘ನೀ, ಬಾ, ಹೋಗ’ ಅಂದ ಬಾಯಿ, “ನೀವು ಉಣ್ರಿ, ನನ್ನ ಹಾದಿ ನೋಡಬ್ಯಾಡ್ರಿ,” ಅಂದಿತು. ಬೈದಿದ್ದರೆ ಫಕೀರವ್ವ ತಡೆದುಕೊಳ್ಳುತ್ತಿದ್ದಳು.

ಕೊನೆಗೊಂದು ಬೆಳಿಗ್ಗೆ, ಡ್ಯೂಟಿಯ ಬಿಳಿ ಕೋಟು ಮಡಚುತ್ತ ಅನಸೂಯಾ, ಆ ಹೊಸ ‘ನೀವು’ ಮರೆತು, ಕೇಳಿಯೇಬಿಟ್ಟಳು.

“ಚಿಗವ್ವಾ, ಒಂದ ಮಾತ ಕೇಳ್ತೀನಿ. ಯಾಕ ಬಿಟ್ಟಿ?”

“ಏನ ಬಿಟ್ಟೆ?”

“ಅವ್ವನ ಕೈ.”

“ನಾ ಬಿಟ್ಟೆ ಅಂತ ಯಾರ ಹೇಳಿದ್ರು ನಿನಗ?”

“ಯಾರ ಹೇಳಬೇಕು? ಊರ ಮಂದಿ ಎಲ್ಲಾ ನೋಡ್ಯಾರ. ನಾನೂ ನೋಡೀನಿ. ಒಂದೊಂದ ಬೆರಳ ಬಿಡಿಸಿದಿ.”

“ನನಗ ಗೊತ್ತಿಲ್ಲವ್ವಾ. ಖರೇ ಹೇಳ್ತೀನಿ, ನನಗ ಗೊತ್ತಿಲ್ಲ.”

“ಗೊತ್ತಿಲ್ಲ ಅನ್ನೂದು ಛಲೋ ಮಾತು. ಎಲ್ಲಾದಕ್ಕೂ ಬರತೈತಿ,” ಎಂದು ಅನಸೂಯಾ ಚಪ್ಪಲಿ ಮೆಟ್ಟಿ ಹೋದಳು.

ಫಕೀರವ್ವ ನೆನಪು ಮಾಡಿಕೊಳ್ಳಲು ಕುಳಿತಳು. ಇಷ್ಟು ವರ್ಷ ಕಣ್ಣು ಮುಚ್ಚಿದರೆ ಬರುತ್ತಿದ್ದದ್ದು ಕತ್ತಲೆ, ಮೂಗು ಗಂಟಲು ಕಿತ್ತು ಬರುವ ಕೆಮ್ಮು, ಯಾರದೋ ಕಾಲು ತುಳಿದ ಮೆತ್ತನೆಯ ಅನುಭವ, ಕೈಯೊಳಗೊಂದು ಕೈ. ಈಗ ಕಣ್ಣು ಮುಚ್ಚಿದರೆ ಚಿತ್ರ ಬರುತ್ತಿತ್ತು. ಬೆಳಕಿದ್ದ, ಬಣ್ಣವಿದ್ದ ಚಿತ್ರ. ಮೊದಲು ಕಿರುಬೆರಳು, ಆಮೇಲೆ ಪಕ್ಕದ್ದು. ಹಳೆಯದನ್ನು ಹುಡುಕಿದಷ್ಟೂ ಹೊಸದೇ ಮುಂದೆ ಬಂದು ನಿಲ್ಲುತ್ತಿತ್ತು. ಕೆಲವು ದಿನಗಳಲ್ಲಿ ಅವಳಿಗೆ ಬೆರಳು ಬಿಡಿಸಿದ ತಂಪು ಕೂಡ ಕೈಯಲ್ಲಿ ತಿಳಿಯತೊಡಗಿತು.

“ಹೌದವ್ವಾ,” ಎಂದಳು ಒಂದು ದಿನ ಅನಸೂಯಾಳಿಗೆ, ಅವಳು ಕೇಳದಿದ್ದರೂ. “ನಾನ ಬಿಟ್ಟೆ. ಈಗ ನೆನಪಾತು.”

ಮರುದಿನವೇ ಒಬ್ಬಳೇ ಬಸ್ಸು ಹತ್ತಿ ಹುಬ್ಬಳ್ಳಿಗೆ ಬಂದು, ಕೇಳಿಕೊಂಡು ಕೇಳಿಕೊಂಡು ಚಿತ್ರಶಾಲೆಯ ಮೆಟ್ಟಿಲು ಹತ್ತಿದಳು.

ಇಂದುಮತಿ ಗುರುತು ಹಿಡಿದು ಎದ್ದು ನಿಂತಳು. “ಬರ್ರಿ ಫಕೀರವ್ವಾರ, ಕುಂದರ್ರಿ. ಚಾ ಹೇಳ್ಲಿ?”

“ಚಾ ಬ್ಯಾಡ್ರಿ ಅಕ್ಕಾರ. ಒಂದ ಉಪಕಾರ ಆಗ್ಬೇಕು. ಆ ಬಾಗಲದ್ದು ಇನ್ನೊಮ್ಮೆ ತೋರಸ್ರಿ. ಅವತ್ತ ನಾ ಬೆರಳ ಅಷ್ಟ ನೋಡಿದೆ. ಬಿಡಬೇಕಾದ್ರ ನನ್ನ ಮಾರಿ ಹ್ಯಾಂಗಿತ್ತು, ನೋಡಬೇಕಾಗೇತಿ.”

“ಮಾರಿ ಯಾಕ್ರಿ?”

“ಬೇಕಂತ ಬಿಟ್ಟೆನೋ, ಕೈತಪ್ಪಿ ಬಿಟ್ಟೆನೋ, ಮಾರಿ ನೋಡಿದ್ರ ತಿಳೀತೈತಲ್ರಿ. ಹುಡುಗಿಗೆ ಹೇಳಬೇಕು.”

ಇಂದುಮತಿಯ ಕೈ ಗುಂಡಿಯ ಮೇಲೆ ಇದ್ದದ್ದು ಅಲ್ಲೇ ನಿಂತಿತು. ಈ ಹೆಂಗಸು ತನ್ನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಯಂತ್ರದ ಹತ್ತಿರ ಕೇಳಲು ಬಂದಿದ್ದಾಳೆ.

ಅವಳು ದೃಶ್ಯವನ್ನು ಹಾಕಲಿಲ್ಲ. ದುಂಡು ಕೋಣೆಯಲ್ಲಿ ದಾಖಲಾಗಿದ್ದ ಫಕೀರವ್ವನ ಮೂಲ ಹೇಳಿಕೆಯನ್ನು ಹುಡುಕಿ ಹಾಕಿದಳು. ಫಕೀರವ್ವನದೇ ದನಿ ಕೇಳಿಸಿತು: “ಬಾಗಲ ಮಟಾ ಆಕೀ ಕೈ ನನ್ನ ಕೈಯಾಗ ಇತ್ರಿ. ಆಮ್ಯಾಲ ನಾ ಹೊರಗ ನೆಲದ ಮ್ಯಾಲ ಬಿದ್ದಿದ್ದೆ. ಕೈ ಖಾಲಿ ಇತ್ತು. ನಡುವ ಏನಾತು ನನಗ ತಿಳೀಲಿಲ್ರಿ. ಕಣ್ಣ ತೆರಿಯಾಕ ಎಲ್ಲಿ ಬರ್ತಿತ್ತು, ಮೆಣಸಿನಕಾಯಿ ಘಾಟ್ರಿ ಅದು.”

ಎರಡು ಕಂಬ ಮಾತ್ರ. ಕೈಯೊಳಗೆ ಕೈ, ಖಾಲಿ ಕೈ. ನಡುವೆ ಇದ್ದದ್ದು ಕಣ್ಣು ಮುಚ್ಚಿದ ಒಬ್ಬ ಹೆಂಗಸು. ತುಂಬಿದ ಕೈ ಖಾಲಿಯಾಗಲು ಕಡಿಮೆ ಕಷ್ಟದ ದಾರಿ ಯಾವುದು? ಬೆರಳು ಬಿಚ್ಚುವುದು. ಯಂತ್ರ ಅದನ್ನೇ ಮಾಡಿತ್ತು. ಅದಕ್ಕೆ ಯಾರ ಮೇಲೂ ದ್ವೇಷವಿರಲಿಲ್ಲ. ಚೆಂದ ಕಂಡಿತೆಂದು ಇಂದುಮತಿ ಪಾಸ್ ಮಾಡಿದ್ದಳು. ಜಿಗಿತ ಇದೆಯೇ ಎಂದು ನೋಡಿದಳೇ ಹೊರತು, ಇದನ್ನು ಯಾರು ಹೇಳಿದರು ಎಂದು ಕೇಳಲಿಲ್ಲ. ಅವಳ ಕಸುಬಿನಲ್ಲಿ ಆ ಪ್ರಶ್ನೆ ಯಾವತ್ತೂ ಇರಲಿಲ್ಲ. ಮೊಲದ ಹಾರಾಟಕ್ಕೆ ಸಾಕ್ಷಿ ಯಾರು ಕೇಳುತ್ತಾರೆ?

“ಫಕೀರವ್ವಾರ, ಆ ಬೆರಳಿಂದು ನೀವು ಹೇಳಿದ್ದಲ್ರಿ. ಯಂತ್ರ ತಾನ ತುಂಬಿದ್ದು.”

“ಇರಬಹುದ್ರಿ. ಆದ್ರ ಈಗ ನನಗ ನೆನಪು ಐತಲ್ರಿ,” ಎಂದಳು ಫಕೀರವ್ವ. ಅವಳ ದನಿಯಲ್ಲಿ ವಾದವಿರಲಿಲ್ಲ, ನಿಜವಾಗಿಯೂ ತಿಳಿಯದ ಗಲಿಬಿಲಿ ಇತ್ತು.

ಅಷ್ಟರಲ್ಲಿ ಕುಬಸದ ಬಂದರು. ಇಂದುಮತಿ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಆ ತುಣುಕು ತೆಗೆಯಬೇಕು ಅಂದಳು.

“ತೆಗೆದು ಏನ ಹಾಕೋಣು?”

“ಏನೂ ಬ್ಯಾಡ ಸರ್. ಖಾಲಿ ಬಿಡೋಣು.”

“ಇಂದುಮತಿ, ನಾ ಹತ್ತು ವರ್ಷದ ಹಿಂದ ಕೈಚಿತ್ರ ಹಾಕಿ ಬಾವಿ ಕುಸಿದದ್ದರ ಮ್ಯಾಲ ಒಂದು ಸಾಕ್ಷ್ಯಚಿತ್ರ ಮಾಡಿದ್ದೆ. ನಿಮ್ಮ ಕೈಯಿಂದನ ಬರಿಸಿದ್ದೆ, ಮರ್ತಿರೇನು? ನೋಡಿದ ದೊಡ್ಡ ಮನಿಷ್ಯಾರು ಏನಂದ್ರು? ‘ಕಾರ್ಟೂನ್ ಛಲೋ ಐತಿ, ಮಕ್ಕಳಿಗೆ ತೋರಿಸ್ರಿ’ ಅಂದ್ರು. ಸತ್ತವರ ಕಥೀನ ಮಕ್ಕಳಿಗೆ ತೋರಿಸ್ರಿ ಅಂದ್ರು! ಈಗ ಇದನ್ನ ನೋಡಿದವ್ರು ಆ ಕೀಲಿ ಬಗ್ಗೆ ಮಾತಾಡಾಕ ಹತ್ಯಾರ. ನಡುವ ಖಾಲಿ ಬಿಟ್ರ, ನೋಡ್ರಿ ಇವ್ರಿಗೇ ಗೊತ್ತಿಲ್ಲ ಅಂತ ಗೋದಾಮಿನವರ ವಕೀಲ್ರು ಕೀಲೀನೂ ಸುಳ್ಳ ಮಾಡ್ತಾರ. ಮುದ್ರಿ ಐತಲ್ಲ ಮೂಲ್ಯಾಗ, ಕಟ್ಟಿದ್ದು ಅಂತ?”

“ಫಕೀರವ್ವಾರ, ಮೂಲ್ಯಾಗಿನ ಮುದ್ರಿ ನೋಡಿದ್ರೇನ್ರಿ?” ಎಂದು ಇಂದುಮತಿ ಕೇಳಿದಳು.

“ಯಾವ ಮುದ್ರಿ?”

ಕುಬಸದ ಕುರ್ಚಿ ಎಳೆದುಕೊಂಡು ಕುಳಿತರು. ಅವರು ಕಲ್ಲು ಮನಸ್ಸಿನವರಲ್ಲ. ಗಡ್ಡ ಕೆರೆದುಕೊಂಡು, “ಬ್ಯಾರೆ ದಾರಿ ಕೇಳ್ರಿ ಅದಕ್ಕ,” ಎಂದರು.

ಇಂದುಮತಿ ಯಂತ್ರವನ್ನು ಕೇಳಿದಳು. ಅದೇ ಎರಡು ಕಂಬಗಳ ನಡುವೆ ಬೇರೆ ದಾರಿಗಳು ಒಂದರ ಹಿಂದೊಂದು ಬಂದವು. ಒಂದರಲ್ಲಿ, ಖಾರ ಹತ್ತದಿರಲೆಂದು ಕೈಗೆ ಹಚ್ಚಿದ್ದ ಎಣ್ಣೆಯಿಂದ ಹಿಡಿತ ಜಾರಿತು. ಒಂದರಲ್ಲಿ ಮೂರನೆಯವಳು ಯಾರೋ ನಡುವೆ ಬಿದ್ದಳು. ಒಂದರಲ್ಲಿ ನೀಲವ್ವ ಎಡವಿ ಕೆಳಗೆ ಹೋದಳು. ಇನ್ನೊಂದರಲ್ಲಿ ನೀಲವ್ವ ತನ್ನ ಕೈ ತಾನೇ ಬಿಡಿಸಿಕೊಂಡು, ಎರಡೂ ಅಂಗೈಯಿಂದ ತಂಗಿಯ ಬೆನ್ನಿಗೆ ಒತ್ತಿ ಅವಳನ್ನು ಹೊರಗೆ ನೂಕಿದಳು. ಯಾವುದರಲ್ಲೂ ಜಿಗಿತವಿಲ್ಲ. ಯಂತ್ರದ ಲೆಕ್ಕದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ಅಂತರ. ಆ ಕೂದಲೆಳೆಯಲ್ಲಿ ಬೆರಳಿನದು ಮೇಲೆ ಬಂದಿತ್ತು, ಅಷ್ಟೇ.

ಕೊನೆಯದನ್ನು ನೋಡಿ ಕುಬಸದ ಎದ್ದು ನಿಂತರು. “ಇದನ್ನ ಹಾಕೋಣ್ರಿ. ಅಕ್ಕ ತಂಗೀನ ನೂಕಿ ಉಳಿಸಿದ್ಲು. ಇದೂ ಆಗಿರಬಹುದಲ್ಲ? ಇಲ್ಲಾ ಅನ್ನವರು ಯಾರು? ಇವ್ರ ಮನಸಿಗೂ ತಂಪು, ಆ ಹುಡುಗಿಗೂ ತಾಯಿ ಬಗ್ಗೆ ಅಭಿಮಾನ.”

ಇಂದುಮತಿ ಮಾಡಿದ ಗಾಯಕ್ಕೆ ಮದ್ದು ಅವಳ ಬೆರಳ ತುದಿಯಲ್ಲೇ ಇತ್ತು. ಒಂದು ಗುಂಡಿ ಒತ್ತಿದರೆ ಸಾಕು.

ಫಕೀರವ್ವ ತೆರೆಯ ಮೇಲಿನ ಅಕ್ಕನನ್ನೇ ನೋಡುತ್ತಿದ್ದಳು. “ಹಾಕ್ರಿ,” ಎಂದಳು ಮೆಲ್ಲಗೆ. “ಅದನ್ನ ಹಾಕ್ರಿ. ಹುಡುಗಿ ಉಂಡಾಳು.”

ಇಂದುಮತಿ ಗುಂಡಿಗೆ ಬೆರಳು ತಂದಳು. ಆದರೆ ಒತ್ತಲಿಲ್ಲ. “ಯವ್ವಾ, ಒಂದ ಮಾತು. ಇದನ್ನ ಹಾಕಿದ್ರ ಇನ್ನ ಸ್ವಲ್ಪ ದಿನಕ್ಕ ಇದೂ ನಿಮಗ ನೆನಪಾಗತೈತಿ. ಬೆನ್ನಮ್ಯಾಲ ಆಕೀ ಕೈ ಒತ್ತಿದ್ದು ತಿಳೀತೈತಿ. ಆಮ್ಯಾಲ ಯಾವುದು ಎಲ್ಲಿಂದ ಬಂತು ಅನ್ನೂದು ನಿಮಗೂ ಗುರುತ ಹತ್ತಂಗಿಲ್ಲ, ನನಗೂ ಹತ್ತಂಗಿಲ್ಲ.”

ಫಕೀರವ್ವ ಏನೋ ಹೊಳೆದವಳಂತೆ ತೆರೆಯ ಹತ್ತಿರ ಹೋಗಿ ಬೆರಳಿಟ್ಟಳು.

“ಇದು ಯಾರದ್ರಿ ಬೆನ್ನು?”

“ನಿಮ್ಮದ.”

“ನನ್ನ ಬೆನ್ನು ನನಗ ಹ್ಯಾಂಗ ಕಾಣತೈತ್ರಿ?” ಅವಳು ತಿರುಗಿ ಇಬ್ಬರನ್ನೂ ನೋಡಿದಳು. “ಮನ್ಯಾಗ ನೆನಪಾಗತೈತಿ ಅಂದೆನಲ್ಲ, ಅದರಾಗೂ ನನ್ನ ಬೆನ್ನು ಕಾಣತೈತಿ, ತುರುಬು ಕಾಣತೈತಿ. ನಾ ಬಾಗಲದಾಗ ಇದ್ರ ನನ್ನ ತುರುಬು ನನಗ ಹ್ಯಾಂಗ ಕಂಡೀತು? ಹಂಗಂದ್ರ ಅದನ್ನ ನಾ ಬಾಗಲದಾಗಿಂದ ತಂದಿಲ್ಲ. ಭವನದಾಗ ಜಮಖಾನಿ ಮ್ಯಾಲ ಕುಂತ ನೋಡಿ ತಂದೀನಿ.”

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದು ಕಣ್ಣ ಮುಂದಿನದಕ್ಕೆ. ಕಣ್ಣ ಹಿಂದಿನದನ್ನೂ ಪರಾಂಬರಿಸಿ ನೋಡುವ ಕಾಲ ಬಂದೀತೆಂದು ಅವರಿಗೇನು ಗೊತ್ತಿತ್ತು!

“ಹಂಗಾರ ನೂಕಿದ್ದು ಹಾಕೋದು ಬ್ಯಾಡೇನ್ರಿ?” ಎಂದರು ಕುಬಸದ. ಅವರ ದನಿಯೂ ಇಳಿದಿತ್ತು.

“ಬ್ಯಾಡ್ರಿ. ಕಡೀಗೆ ನಮ್ಮಕ್ಕ ಆ ಕತ್ತಲಾಗ ಏನ ಮಾಡಿದ್ಲೋ. ನನ್ನ ನೂಕಿದ್ಲೋ, ಕರದ್ಲೋ, ಬೈದ್ಲೋ. ಏನ ಮಾಡಿದ್ರೂ ಅದು ಆಕೀದು. ಆಕೀದು ಅಂತ ಉಳದದ್ದ ಅಷ್ಟು. ಅದರ ಮ್ಯಾಲ ನಾ ಇನ್ನೊಂದ ಹೊದಿಸಿಬಿಟ್ರ ಆಕಿ ಏನೂ ಮಾಡಲಾರದಾಕಿ ಆಗ್ತಾಳ್ರಿ.”

ಕುಬಸದ ಕಿಟಕಿಯ ಕಡೆ ಹೋಗಿ ನಿಂತರು. ಹೊರಗೆ ಬಸ್ಸಿನ ಹಾರ್ನು, ಸೋಡಾ ಮಾರುವವನ ಕೂಗು. “ಟಿವಿಯವ್ರು ನನ್ನ ಕೊಲ್ತಾರ,” ಎಂದರು. ಬೇಡ ಎನ್ನಲಿಲ್ಲ.

ಖಾಲಿ ಬಿಡುವುದು ಎಂದರೆ ಸುಲಭವಾಗಿರಲಿಲ್ಲ. ಹೆಣಿಗೆಗೆ ಖಾಲಿ ಎಂಬುದೇ ತಿಳಿಯದು. ಇಂದುಮತಿ ಎರಡು ಕಂಬಗಳ ನಡುವಿನದನ್ನು ಅಳಿಸಿ ಇಟ್ಟರೆ, ಚಾ ಕುಡಿದು ಬರುವಷ್ಟರಲ್ಲಿ ಅದು ಮತ್ತೆ ತುಂಬಿ ಕುಳಿತಿರುತ್ತಿತ್ತು. ಕಪ್ಪು ಬಣ್ಣ ಹಾಕಿದಳು; ಕಪ್ಪಿನೊಳಗೆ ಅದು ಮಸುಕು ಮಸುಕಾಗಿ ಬೆರಳು ಮೂಡಿಸಿತು. “ಗಪ್ ಕುಂದ್ರು ಅಂದ್ರ ಕುಂದ್ರಂಗಿಲ್ಲ ಇದು, ನಮ್ಮತ್ತಿ ಇದ್ದಂಗ,” ಎಂದು ಬೈದುಕೊಂಡಳು.

ಕೊನೆಗೆ ಅಟ್ಟದಿಂದ ಹಳೆಯ ಕಾಲದ ಡ್ರಾಯಿಂಗ್ ಹಾಳೆ ಇಳಿಸಿದಳು. ಮೊದಲ ಕಂಬ, ಕೈಯೊಳಗೆ ಕೈ. ಪೆನ್ಸಿಲಿನಲ್ಲಿ, ಮುಖಗಳಿಲ್ಲದೆ, ಬರೀ ಎರಡು ಮುಂಗೈ ಬರೆದಳು. ಎರಡನೆಯ ಕಂಬ, ನೆಲದ ಮೇಲೆ ಖಾಲಿ ಅಂಗೈ. ನಡುವಿಗೆ ಏನೂ ಬರೆಯದ ಹಾಳೆಯೊಂದನ್ನು ಗೋಡೆಗೆ ಚುಚ್ಚಿ, ಸಾದಾ ಕ್ಯಾಮೆರಾ ಇಟ್ಟು ಆ ಚಿತ್ರಗಳ ಜೊತೆ ಅದನ್ನೂ ಚಿತ್ರೀಕರಿಸಿದಳು. ಹಾಳೆಯ ತರಿ ಕಾಣುತ್ತಿತ್ತು. ಕಿಟಕಿಯ ಬೆಳಕು ಅದರ ಮೇಲೆ ನಿಧಾನಕ್ಕೆ ಸರಿಯುತ್ತಿತ್ತು. ಮೇಲೆ ಫಕೀರವ್ವನ ದನಿ ಇಟ್ಟಳು. ಇಡೀ ಜೀವಮಾನ ತಪ್ಪಿಸಿಕೊಂಡು ಬಂದ ಜಿಗಿತವನ್ನು ತಾನೇ ಕೈಯಾರೆ ಹಾಕಿ, ಪಾಸ್ ಒತ್ತಿದಳು.

ಮೂಲೆಯಲ್ಲಿ ಮುದ್ರೆ ತಾನಾಗಿ ಬಿತ್ತು. ಅದನ್ನು ನೋಡಿ ಕುಬಸದ ಗೊಳ್ಳನೆ ನಕ್ಕರು. ಯಂತ್ರ ಕಟ್ಟಿದ ದೃಶ್ಯಗಳ ಸಾಲಿನಲ್ಲಿ ಏನೂ ಇಲ್ಲದ ಆ ಬಿಳಿ ಹಾಳೆಗೆ ‘ಕಂಡದ್ದು’ ಎಂದು ಬಿದ್ದಿತ್ತು.

ಟಿವಿಯವರು, ಜನ ಸೆಟ್ಟು ಕೆಟ್ಟಿತೆಂದು ತಿಳಿಯುತ್ತಾರೆ ಎಂದು ತಕರಾರು ತೆಗೆದು, ಚಿತ್ರವನ್ನು ಯಾರೂ ನೋಡದ ಮಧ್ಯಾಹ್ನಕ್ಕೆ ತಳ್ಳಿದರು. ಕುಬಸದ ಗೊಣಗಿದರೂ ಪದ್ಧತಿ ಬಿಡಲಿಲ್ಲ. ಅದಕ್ಕೂ ಮೊದಲು ಬೆಣ್ಣಿಹಾಳದಲ್ಲಿ ಮತ್ತೆ ಪರದೆ ಕಟ್ಟಿಸಿದರು.

ಅನಸೂಯಾ ಬರುವುದಿಲ್ಲ ಅಂದಿದ್ದಳು. ಕಡೆಗೆ ಡ್ಯೂಟಿ ಮುಗಿಸಿ ಬಂದು ಹಿಂದೆ, ಬಾಗಿಲ ಹತ್ತಿರ ನಿಂತಳು. ಹಾಳೆ ಬಂದಾಗ ಗಂಡಸರ ಕಡೆಯಿಂದ ಒಬ್ಬ, “ಏ, ಕರೆಂಟ್ ಹೋತೇನ್ಲೇ?” ಅಂದ. “ಕರೆಂಟ್ ಹೋದ್ರ ಬೆಳ್ಳಗ ಹ್ಯಾಂಗ ಕಂಡೀತೋ, ಬಾಯಿ ಮುಚ್ಚು,” ಎಂದು ಇನ್ನೊಬ್ಬ ಗದರಿದ. ತೆರೆಯಿಂದ ಫಕೀರವ್ವನ ದನಿ ಬಂತು: “ನಡುವ ಏನಾತು ನನಗ ತಿಳೀಲಿಲ್ರಿ. ಕಣ್ಣ ತೆರಿಯಾಕ ಎಲ್ಲಿ ಬರ್ತಿತ್ತು.”

ಹಾಳೆ ಬಹಳ ಹೊತ್ತು ಇತ್ತು. ಅನಸೂಯಾ ತೆರೆ ಬಿಟ್ಟು ಭವನದೊಳಗೆ ನೋಡಿದಳು. ಅಂದು ಬದುಕಿ ಬಂದ ಹೆಂಗಸರು ಅಲ್ಲಲ್ಲಿ ಕುಳಿತಿದ್ದರು. ಅವರಲ್ಲಿ ಒಬ್ಬರೂ ತೆರೆ ನೋಡುತ್ತಿರಲಿಲ್ಲ. ಯಾರೂ ಹೇಳದೆಯೇ ಎಲ್ಲರೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ಒಬ್ಬಾಕೆ ಮೂಗಿಗೆ ಸೆರಗು ಒತ್ತಿದ್ದಳು. ನರ್ಸಾಗಿ ಘಾಟಿಗೆ ಸಿಕ್ಕ ಕಣ್ಣುಗಳನ್ನು ಎಷ್ಟೋ ತೊಳೆದಿದ್ದ ಅನಸೂಯಾಳಿಗೆ, ಆ ಗೋದಾಮಿನಲ್ಲಿ ಯಾರೂ ಯಾರ ಬೆರಳನ್ನೂ ನೋಡಿರಲು ಸಾಧ್ಯವಿಲ್ಲವೆಂಬುದು ಆಗ ಹೊಳೆಯಿತು. ಅಷ್ಟು ಸಣ್ಣ ಮಾತು ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ.

ಮನೆಗೆ ಬಂದ ಮೇಲೆ ಅವಳು ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತಳು. ಫಕೀರವ್ವ ಹಂಚಿನ ಮುಂದೆ ಇದ್ದಳು.

“ಚಿಗವ್ವಾ. ಅವ್ರು ಅದನ್ನ ತಗದ್ರು, ಖರೆ. ಆದ್ರ ನನ್ನ ತಲ್ಯಾಗಿಂದ ಹೋಗವಲ್ದು. ಕಣ್ಣ ಮುಚ್ಚಿದ್ರ ಅದ ಬರತೈತಿ.”

“ನನಗೂ ಬರತೈತಿ.”

“ಮತ್ತ ಹ್ಯಾಂಗ?”

“ಬರ್ಲಿ ಬಿಡು. ಬಂದಾಗ, ನೀ ಸಿನಿಮಾದ್ದು ಅಂತ ಹೇಳಿ ಆಕಡೆ ಕುಂದ್ರಸಬೇಕು. ಹೊರಗ ಹಾಕಾಕ ಆಗಂಗಿಲ್ಲ, ಅದು ಬೀಗರಿದ್ದಂಗ.”

ಅನಸೂಯಾ ನಗಲಿಲ್ಲ, ಆದರೆ ಮುಖ ಸಡಿಲಾಯಿತು. “ನೀ ಬಿಟ್ಟಿರಬಹುದು,” ಎಂದಳು.

“ಬಿಟ್ಟಿರಬಹುದು,” ಎಂದಳು ಫಕೀರವ್ವ. ಅವಳ ಕೈ ರೊಟ್ಟಿಯ ಮೇಲೆ ನಿಂತಿತು. “ಬಿಟ್ಟಿಲ್ಲ ಅಂತ ನಾ ಆಣಿ ಮಾಡಂಗಿಲ್ಲ. ಇದು ನಿನಗ ಭಾರ ಆದ್ರ ನೀ ಹೊರಬ್ಯಾಡ, ನಾ ಹೊರ್ತೀನಿ.”

ಒಲೆಯ ಮೇಲಿನ ರೊಟ್ಟಿ ಒಂದು ಕಡೆ ಕರಿಯಾಗುತ್ತಿತ್ತು. ಅನಸೂಯಾ ಎದ್ದು ಅದನ್ನು ಮಗುಚಿ ಹಾಕಿದಳು. ಅಲ್ಲೇ, ಚಿಗವ್ವನ ಪಕ್ಕದಲ್ಲೇ ಕುಳಿತಳು.

“ಅವ್ವನ ಬಗ್ಗೆ ಒಂದ ಹೇಳು. ಸಿನಿಮಾದಾಗ ಇಲ್ಲದ್ದು.”

ಫಕೀರವ್ವ ಯೋಚಿಸಿದಳು. ಸಾವಕಾಶ ಅವಳ ತುಟಿಯ ಕೊನೆ ಮೇಲಕ್ಕೆ ಹೋಯಿತು. “ಆಕಿ ಖಾರ ಉಣ್ತಿರಲಿಲ್ಲ.”

“ಏನು?”

“ಒಂದ ಚೂರು ಹತ್ತಿದ್ರ ಬಿಕ್ಕಳಿಕಿ ಹತ್ತಿಬಿಡ್ತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಯಾರರೆ ಮಸ್ಕಿರಿಗೆ ಆಕೀ ರೊಟ್ಟ್ಯಾಗ ಕೆಂಪು ಖಾರದ ರಂಜಕ ಇಡೋರು. ಸುರು ಆತು ನೋಡು, ಹಿಕ್ ಅಂತ. ಇಡೀ ಗೋದಾಮು ಕೆಲಸ ಬಿಟ್ಟು ನಗೋದು. ಆಕಿ ಬೈಬೇಕಂತ ಬಾಯಿ ತೆಗಿಯಾಕಿ, ಬೈಗುಳದ ನಡುವ ಮತ್ತ ಹಿಕ್.”

“ಮೆಣಸಿನಕಾಯಿ ಗೋದಾಮಿನಾಗ ದುಡಿಯಾಕಿ ಖಾರ ಉಣ್ತಿರಲಿಲ್ಲೇನು!” ಅನಸೂಯಾಳಿಗೆ ನಗು ಬಂತು, ನಗುವಿನ ಜೊತೆಗೆ ಇನ್ನೇನೋ ಬಂತು. “ಹ್ಯಾಂಗ ಬಿಕ್ತಿದ್ಲು? ಮಾಡಿ ತೋರ್ಸು.”

ಫಕೀರವ್ವ ಮಾಡಿ ತೋರಿಸಿದಳು. ಅದು ಬಿಕ್ಕಳಿಕೆಯ ಹಾಗೂ ಇರಲಿಲ್ಲ, ನೀಲವ್ವನ ಹಾಗೂ ಇರಲಿಲ್ಲ. ಮುದಿ ಕೋಳಿ ಕೂಗಿದಂತಿತ್ತು. ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅನಸೂಯಾ ಗೂಡಿನಿಂದ ಗಂಗಾಳ ತೆಗೆದು ಮುಂದಿಟ್ಟುಕೊಂಡಳು.

“ಮತ್ತ?” ಎಂದಳು, ರೊಟ್ಟಿ ಮುರಿಯುತ್ತ.

ಫಕೀರವ್ವ ಹೇಳುತ್ತ ಹೋದಳು. ಸಿನಿಮಾದಲ್ಲಿ ಕಂಡ ಹಾಗೆ ನೀಲವ್ವನಿಗೆ ಎಡಗಾಲು ಎಳೆಯುತ್ತಿತ್ತೇ ಎಂದು ಹುಡುಗಿ ಕೇಳಿದಾಗ ಮಾತ್ರ, “ಅದು ನನಗ ನೆನಪಿಲ್ಲವ್ವಾ,” ಎಂದಳು. ಅನಸೂಯಾ ತಲೆದೂಗಿ, ಇನ್ನೊಂದು ರೊಟ್ಟಿಗೆ ಕೈ ಚಾಚಿದಳು.